ಟ್ರೈಪಾಡ್ ಕೊಳ್ಳೋ ಮೊದಲು: ಅದರ ಮ್ಯಾಲ ಏನು ಇಡ್ತೀರಿ?

ಮೊಬೈಲ್ ತೆರೆದ್ರ ಈಗ ಬೇಟೆ ಟ್ರೈಪಾಡ್‌ಗಳ ವಿಡಿಯೋ ಬಹಳ ಬರ್ತಾವ. ಯಾವುದೋ ದೇಶದ ಗುಡ್ಡ, ಮೂರು ಕಾಲಿನ ಸ್ಟ್ಯಾಂಡ್, ಅದರ ಮೇಲೆ ಬಂದೂಕು, ದೂರದಲ್ಲಿ ಜಿಂಕೆ. ಅದನ್ನು ನೋಡಿದ ಸಾವಳಗಿ, ಜಮಖಂಡಿ ಕಡೆಯ ಹುಡುಗರು ಕೇಳೋದು ಒಂದೇ: "ಅಣ್ಣಾ, ಕಬ್ಬಿಗೆ ಹಂದಿ ಬರ್ತಾವ, ಗೋವಿನಜೋಳ ಉಳಿಯಂಗಿಲ್ಲ. ಇಂಥಾದ್ದೊಂದು ತರಿಸಿದ್ರ ಹೆಂಗ?"

ತರಿಸ್ರಿ, ಬ್ಯಾಡ ಅನ್ನೋದಿಲ್ಲ. ಆದ್ರ ಅದರ ಮ್ಯಾಲ ಏನು ಇಡ್ತೀರಿ ಅನ್ನೋದನ್ನ ಮೊದಲು ನಿರ್ಧಾರ ಮಾಡ್ರಿ. ಯಾವ ಟ್ರೈಪಾಡ್ ಬೇಕು ಅನ್ನೋದೂ, ನೀವು ತೊಂದರೆಗೆ ಸಿಗ್ತೀರೋ ಇಲ್ಲೋ ಅನ್ನೋದೂ ಅದರ ಮೇಲೆಯೇ ನಿಂತಿದೆ.

ಬಂದೂಕು ಇಡೋದಾದ್ರ

ನಮ್ಮ ಸೀಮೆಗೆ ಬೇಟೆ ಹೊಸದಲ್ಲ. ಮುಧೋಳದ ನಾಯಿ ಹೆಸರು ಮಾಡಿದ್ದೇ ಬೇಟೆಯಿಂದ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಲೆಕ್ಕ ಬದಲಾಗಿದೆ. ಗುಂಡು ಹೊಡೆಯುವುದಷ್ಟೇ ಬೇಟೆಯಲ್ಲ. ಉರುಲು ಹಾಕುವುದು, ವಿಷ ಇಡುವುದು, ಕೊಲ್ಲಲಿಕ್ಕೆ ಅಟ್ಟಿಸಿಕೊಂಡು ಹೋಗುವುದು, ಇವುಗಳಿಗೆ ಪ್ರಯತ್ನ ಮಾಡುವುದು ಕೂಡ ಕಾನೂನಿನ ಕಣ್ಣಿಗೆ ಬೇಟೆಯೇ. ಹೊಲ ನಿಮ್ಮದು, ಪ್ರಾಣಿ ನಿಮ್ಮದಲ್ಲ.

ಕಾಡುಹಂದಿಯೂ ಇದರೊಳಗೇ ಬರುತ್ತದೆ. 2022ರ ತಿದ್ದುಪಡಿಯ ನಂತರ ಅದು ಎರಡನೇ ಶೆಡ್ಯೂಲ್‌ನಲ್ಲಿದೆ. ಬೆಳೆ ಹಾಳು ಮಾಡುವ ಪ್ರಾಣಿಯನ್ನು ಕೊಲ್ಲಬೇಕಾದರೆ ಕಾಯ್ದೆಯ 11ನೇ ಕಲಂ ಪ್ರಕಾರ ಅಧಿಕಾರಿಯ ಲಿಖಿತ ಅನುಮತಿ ಬೇಕು. ಬೆಳೆ ರಕ್ಷಣೆಗೆಂದು ಬಂದೂಕಿನ ಲೈಸೆನ್ಸ್ ಇದ್ದರೂ ಅದು ಬಂದೂಕು ಇಟ್ಟುಕೊಳ್ಳಲು ಮಾತ್ರ. ಪ್ರಾಣಿ ಹೊಡೆಯಲು ಕೊಟ್ಟ ಅನುಮತಿ ಅಲ್ಲ.

ನಮ್ಮ ಕಡೆ ಇನ್ನೊಂದು ಕಾರಣಕ್ಕೂ ಎಚ್ಚರ ಬೇಕು. ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳಲ್ಲಿ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮ ಇದೆ. 2016ರಲ್ಲಿ ಘೋಷಣೆಯಾದ ಇದರ ವಿಸ್ತಾರ ಸುಮಾರು 96 ಚದರ ಕಿಲೋಮೀಟರ್. ಚಿಂಕಾರ ಸಣ್ಣ ಜಿಂಕೆ, ಭುಜದ ಎತ್ತರ ಎರಡು ಅಡಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಮಬ್ಬುಗತ್ತಲಲ್ಲಿ ದೂರದಿಂದ ಆಡು ಯಾವುದು, ಚಿಂಕಾರ ಯಾವುದು ಅಂತ ಗೊತ್ತಾಗುವುದಿಲ್ಲ. ಅದು ಮೊದಲನೇ ಶೆಡ್ಯೂಲ್‌ನ ಪ್ರಾಣಿ. ಕೊಂದರೆ ಮೂರರಿಂದ ಏಳು ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಹಂದಿ ಅಂದುಕೊಂಡು ಹೊಡೆದೆ ಅಂದ್ರ ಅಷ್ಟಕ್ಕೇ ಬಿಡೋದಿಲ್ಲ. ಇನ್ನು ಕಬ್ಬಿನಾಗ ರಾತ್ರಿ ನೀರು ಹಾಯಿಸುವ ಮನುಷ್ಯ ಇರ್ತಾನ ಅನ್ನೋದನ್ನ ನಾನು ಹೇಳಬೇಕಾಗಿಲ್ಲ.

ಗುರಿ ಶೂಟಿಂಗ್ ಕಲಿಯೋದಾದ್ರ

ಇದು ಒಳ್ಳೆಯ ಆಟ. ನಮ್ಮ ಪಕ್ಕದ ಕೊಲ್ಲಾಪುರ ಜಿಲ್ಲೆಯ ಕಂಬಳವಾಡಿ ಎಂಬ ಹಳ್ಳಿಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚು ಗೆದ್ದರು. ಮೊಣಕಾಲೂರಿ, ಮಲಗಿ, ನಿಂತು, ಹೀಗೆ ಮೂರು ರೀತಿ ಹೊಡೆಯಬೇಕು. ಈ ಮೂರರಲ್ಲಿ ಒಂದರಲ್ಲೂ ರೈಫಲನ್ನು ಟ್ರೈಪಾಡ್ ಮೇಲೆ ಇಡುವಂತಿಲ್ಲ. 10 ಮೀಟರ್ ಏರ್ ರೈಫಲ್‌ನಲ್ಲೂ ಅಷ್ಟೇ. ನಿಂತೇ ಹೊಡೆಯಬೇಕು, ಐದೂವರೆ ಕಿಲೋವರೆಗಿನ ರೈಫಲನ್ನು ನಮ್ಮ ಮೈಯೇ ಹೊರಬೇಕು. ತೋಳಿಗೆ ಅಷ್ಟು ಬಲವಿಲ್ಲದ ಪ್ಯಾರಾ ಕ್ರೀಡಾಪಟುಗಳ ಒಂದು ವಿಭಾಗದಲ್ಲಿ ಮಾತ್ರ ಸ್ಪ್ರಿಂಗ್ ಇರುವ ಸ್ಟ್ಯಾಂಡ್‌ಗೆ ಅವಕಾಶವಿದೆ.

ಹಾಗಾಗಿ ಈ ಆಟ ಕಲಿಯುವವರು ಬಂದೂಕು ಇಡಲು ದುಬಾರಿ ಟ್ರೈಪಾಡ್ ಕೊಂಡರೆ ದುಡ್ಡು ದಂಡ. ಗುರಿಯ ಹಲಗೆಯಲ್ಲಿ ತೂತು ಎಲ್ಲಿ ಬಿತ್ತು ಅಂತ ನೋಡುವ ದೂರದರ್ಶಕಕ್ಕೆ, ನಿಮ್ಮ ನಿಲುವನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿ ತಿದ್ದಿಕೊಳ್ಳುವುದಕ್ಕೆ ಸಾಧಾರಣ ಟ್ರೈಪಾಡ್ ಸಾಕು. ಇನ್ನೊಂದು ಮಾತು: 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ. ಬೋರಿನ, 20 ಜೌಲ್ ಮೀರದ ಏರ್‌ಗನ್‌ಗೆ ಲೈಸೆನ್ಸ್ ಬೇಕಿಲ್ಲ. ಲೈಸೆನ್ಸ್ ಬೇಕಿಲ್ಲ ಅಂದ ಮಾತ್ರಕ್ಕೆ ದ್ರಾಕ್ಷಿಗೆ ಬರುವ ಗಿಳಿಗೆ ಹೊಡೆಯಬಹುದು ಅಂತಲ್ಲ. ಅದೂ ಬೇಟೆಯೇ.

ಹಂಗಾದ್ರ ರೈತನಿಗೆ ಇದು ಯಾಕ ಬೇಕು?

ನೋಡಲಿಕ್ಕೆ, ದಾಖಲೆ ಮಾಡಲಿಕ್ಕೆ. ಮೊಬೈಲ್, ಬೈನಾಕ್ಯುಲರ್, ಕ್ಯಾಮೆರಾ ಈ ಮೂರೂ ಕೈಯಲ್ಲಿ ಹಿಡಿದರೆ ಅಲುಗಾಡುತ್ತವೆ. ನಾನು ತೋಟದ ಒಂದೇ ಜಾಗದಲ್ಲಿ, ಒಂದೇ ಎತ್ತರದಲ್ಲಿ ಟ್ರೈಪಾಡ್ ಇಟ್ಟು ವಾರಕ್ಕೊಂದು ಫೋಟೋ ತೆಗೆಯುತ್ತೇನೆ. ಎಲೆ ಬಣ್ಣ ಎಂದು ಮಾಸಲು ಶುರುವಾಯಿತು ಅನ್ನೋದು ನೆನಪಿನಲ್ಲಿ ಉಳಿಯದಿದ್ದರೂ ಫೋಟೋದಲ್ಲಿ ಉಳಿಯುತ್ತದೆ.

ಮೂರೇ ಕಾಲು ಯಾಕೆ ಅನ್ನೋದಕ್ಕೆ ಮನೆಯ ಹಳೇ ಒಲೆ ನೆನಪಿಸಿಕೊಳ್ರಿ. ಮೂರು ಕಲ್ಲಿನ ಮೇಲೆ ಇಟ್ಟ ಗಡಿಗೆ ನೆಲ ಏರುಪೇರಿದ್ದರೂ ಗಡಗಡ ಅನ್ನುವುದಿಲ್ಲ. ನಾಲ್ಕು ಕಾಲಿನ ಮಂಚಕ್ಕೆ ಮಾತ್ರ ಒಂದು ಕಾಲಿನ ಕೆಳಗೆ ಚಕ್ಕೆ ಕೊಡಬೇಕಾಗುತ್ತದೆ. ಬೋರ್‌ವೆಲ್ ಮೋಟಾರ್ ಎತ್ತಲು ಮೂರು ಕಂಬ ನಿಲ್ಲಿಸುವುದೂ ಇದೇ ಲೆಕ್ಕದಲ್ಲಿ.

ಕೊಳ್ಳುವಾಗ ನೋಡಬೇಕಾದ್ದು

ತೂಕ ಹೊರುವ ಶಕ್ತಿ: ಮೊಬೈಲ್ ಸುಮಾರು 200 ಗ್ರಾಂ, 8x42 ಬೈನಾಕ್ಯುಲರ್ ಸುಮಾರು 700 ಗ್ರಾಂ, ದೊಡ್ಡ ಲೆನ್ಸಿನ ಕ್ಯಾಮೆರಾ ಎರಡು ಕಿಲೋ ದಾಟಬಹುದು. ನೀವು ಇಡುವ ಸಾಮಾನಿನ ಎರಡು–ಮೂರು ಪಟ್ಟು ತೂಕ ತಾಳುವಂಥದ್ದು ತಗೊಳ್ರಿ.

ಕಾಲು: ಅಲ್ಯೂಮಿನಿಯಂ ಅಗ್ಗ, ಗಟ್ಟಿ, ಪೆಟ್ಟು ಬಿದ್ದರೆ ಬಾಗುತ್ತದೆ. ಕಾರ್ಬನ್ ಫೈಬರ್ ಹಗುರ, ನಡುಕ ಬೇಗ ನಿಲ್ಲುತ್ತದೆ, ಆದರೆ ಬೆಲೆ ಹಲವು ಪಟ್ಟು, ಜೋರು ಪೆಟ್ಟಿಗೆ ಸೀಳುತ್ತದೆ. ಹೊಲಕ್ಕೆ ಅಲ್ಯೂಮಿನಿಯಂ ಸಾಕು. ಏಪ್ರಿಲ್ ಬಿಸಿಲಿಗೆ ಕೈ ಸುಡುತ್ತದೆ, ಮೇಲಿನ ಭಾಗಕ್ಕೆ ಹಳೇ ಬಟ್ಟೆ ಸುತ್ತಿದರಾಯಿತು.

ಎಷ್ಟು ತುಂಡಿನ ಕಾಲು: ಕಾಲು ನಾಲ್ಕೈದು ತುಂಡು ಇದ್ದರೆ ಮಡಚಿದಾಗ ಚಿಕ್ಕದಾಗುತ್ತದೆ. ಆದರೆ ಕೊನೆಯ ತುಂಡು ಕಡ್ಡಿಯಷ್ಟು ಸಣ್ಣ. ಮೂರು ತುಂಡಿನದು ಹೆಚ್ಚು ಗಟ್ಟಿ.

ಲಾಕ್: ತಿರುವಿ ಬಿಗಿ ಮಾಡುವುದು ಒಂದು ಬಗೆ, ಚಾಪಿನಂತೆ ಮಡಚಿ ಒತ್ತುವುದು ಇನ್ನೊಂದು. ನಮ್ಮ ಧೂಳಿಗೆ ಒತ್ತುವ ಲಾಕ್ ಅನುಕೂಲ. ಒರೆಸಲು ಸುಲಭ, ಸಡಿಲಾದರೆ ಸ್ಕ್ರೂ ಬಿಗಿ ಮಾಡಬಹುದು.

ಎತ್ತರ: ನಡುವಿನ ಕಂಬ ಎತ್ತದೆಯೇ ನಿಮ್ಮ ಕಣ್ಣಿನ ಹತ್ತಿರ ಬರಬೇಕು. ನಡುಗಂಬ ಪೂರ್ತಿ ಎತ್ತಿದರೆ ಅದು ಒಂಟಿ ಕಾಲಿನ ಸ್ಟ್ಯಾಂಡ್ ಆದಂಗ, ಗಾಳಿಗೆ ಅಲುಗಾಡುತ್ತದೆ.

ತಲೆ: ಎಲ್ಲ ಕಡೆ ತಿರುಗುವ ಗುಂಡು ತಲೆ ಫೋಟೋಗೆ ಚಲೋ. ಹಿಡಿಕೆ ಇರುವ, ಅಡ್ಡ ಮತ್ತು ಉದ್ದ ಬೇರೆ ಬೇರೆ ತಿರುಗುವ ತಲೆ ಬೈನಾಕ್ಯುಲರ್‌ಗೂ ವಿಡಿಯೋಗೂ ಚಲೋ. ಸ್ಕ್ರೂ ಕಾಲು ಇಂಚಿನದಿದೆಯೇ ನೋಡ್ರಿ. ಬಹುತೇಕ ಕ್ಯಾಮೆರಾ, ಮೊಬೈಲ್ ಕ್ಲಿಪ್‌ಗೆ ಅದೇ ಅಳತೆ. ಬೈನಾಕ್ಯುಲರ್‌ಗೆ ಬೇರೆ ಅಡಾಪ್ಟರ್ ಬೇಕು.

ಬೇಟೆ ಟ್ರೈಪಾಡ್ ಅಂತ ಮಾರುವುದರಲ್ಲಿ ಬಂದೂಕು ಕಚ್ಚಿ ಹಿಡಿಯುವ ಅಡಕತ್ತಿಗೇ ಬೆಲೆ ಹೆಚ್ಚು. ನಿಮಗೆ ಅದು ಬೇಕಿಲ್ಲ.

ಹೊಲದಾಗ ನಿಲ್ಲಿಸೋದು

ಎರಿ ಹೊಲ ಹಸಿ ಇದ್ದಾಗ ಕಾಲು ಇಳಿಯುತ್ತವೆ. ಮೂರು ಕಾಲಿನ ಕೆಳಗೂ ಡಬ್ಬಿಯ ಮುಚ್ಚಳ ಅಥವಾ ಹಲಗೆ ಚೂರು ಇಡ್ರಿ. ಮಸಾರಿ ಗಟ್ಟಿ ನೆಲಕ್ಕೆ ಮೊಳೆ ತುದಿಯ ಕಾಲು ಇದ್ದರೆ ಜಾರುವುದಿಲ್ಲ. ಒಡ್ಡಿನ ಇಳಿಜಾರಿನಲ್ಲಿ ಎರಡು ಕಾಲು ಕೆಳಗೆ, ಒಂದು ಮೇಲೆ. ಗಾಳಿ ಇದ್ದರೆ ನಡುವಿನ ಕೊಕ್ಕೆಗೆ ಚೀಲದಲ್ಲಿ ಮಣ್ಣು ತುಂಬಿ ತೂಗು ಹಾಕ್ರಿ, ಚೀಲ ನೆಲಕ್ಕೆ ತಾಕುವಂತಿರಲಿ. ಇಲ್ಲದಿದ್ದರೆ ಅದೇ ತೂಗಾಡಿ ಸ್ಟ್ಯಾಂಡ್ ಅಲುಗಾಡಿಸುತ್ತದೆ. ಮೊಬೈಲ್‌ನಲ್ಲಿ ಮೂರು ಸೆಕೆಂಡಿನ ಟೈಮರ್ ಹಾಕಿದರೆ ಬೆರಳು ತಾಕಿದ ನಡುಕವೂ ಬರುವುದಿಲ್ಲ.

ಹಂದಿ ಬಂದು ಹೋದ ಮರುದಿನ

ನಿಮ್ಮ ಟ್ರೈಪಾಡ್‌ನ ದುಡ್ಡು ಬರೋದು ಇಲ್ಲಿ. ಕಾಡುಪ್ರಾಣಿಯಿಂದ ಆದ ಬೆಳೆ ಹಾನಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಅರ್ಜಿ ಗಟ್ಟಿಯಾಗಬೇಕಾದರೆ ಸಾಕ್ಷಿ ಬೇಕು. ಮೊಬೈಲ್ ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಮಾಡ್ರಿ. ಮೊದಲು ಹೊಲದ ಒಂದು ಮೂಲೆಯಿಂದ ಇಡೀ ಹಾನಿ ಕಾಣುವಂತೆ, ಆಮೇಲೆ ನಾಲ್ಕೂ ದಿಕ್ಕಿನಿಂದ, ಕೊನೆಗೆ ಹೆಜ್ಜೆ ಗುರುತಿನ ಪಕ್ಕ ಟೇಪ್ ಇಟ್ಟು ಮೇಲಿನಿಂದ ಫೋಟೋ ತೆಗೀರಿ. ಹಂದಿ ಬಂದಿದ್ದರೆ ನೆಲ ಕೆದರಿದ ಗುರುತು ಇರುತ್ತದೆ, ಅದನ್ನೂ ತೆಗೀರಿ. ಇದೆಲ್ಲ ಆಗುವ ತನಕ ಹೊಲ ಸ್ವಚ್ಛ ಮಾಡಬ್ಯಾಡ್ರಿ. ಅದೇ ದಿನ ಹತ್ತಿರದ ವಲಯ ಅರಣ್ಯ ಕಚೇರಿಗೆ ತಿಳಿಸ್ರಿ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿ ತಯಾರಿರಲಿ.

ರಾತ್ರಿ ಯಾವ ಪ್ರಾಣಿ, ಯಾವ ದಾರಿಯಿಂದ ಬರುತ್ತದೆ ಅಂತ ತಿಳಿಯಬೇಕಾದರೆ ಟ್ರೇಲ್ ಕ್ಯಾಮೆರಾ ಇದೆ. ಅದನ್ನು ಮೊಣಕಾಲಿನ ಎತ್ತರದಲ್ಲಿ ಗಿಡಕ್ಕೋ ಕಂಬಕ್ಕೋ ಕಟ್ಟಬಹುದು. ದಾರಿ ಗೊತ್ತಾದರೆ ಬೇಲಿಗೆ ಹಾಕುವ ದುಡ್ಡು ಸರಿಯಾದ ಕಡೆ ಬೀಳುತ್ತದೆ.

ಅಂಗಡಿಯಲ್ಲಿ ಒಂದು ಪರೀಕ್ಷೆ ಮಾಡ್ರಿ: ಕಾಲು ಪೂರ್ತಿ ಎಳೆದು ನಿಲ್ಲಿಸಿ, ತಲೆಯ ಮೇಲೆ ಅಂಗೈ ಇಟ್ಟು ಒತ್ತಿ, ಸ್ವಲ್ಪ ತಿರುಚಿ ನೋಡ್ರಿ. ಕಾಲು ಕುಸಿದರೆ, ಬುಡ ತಿರುಗಿದರೆ ಅಲ್ಲೇ ಬಿಟ್ಟು ಬರ್ರಿ. ಆನ್‌ಲೈನ್‌ನಲ್ಲಿ ತರಿಸಿದರೆ ವಾಪಸ್ ಕೊಡುವ ಅವಧಿಯೊಳಗೇ ಈ ಪರೀಕ್ಷೆ ಮುಗಿಸ್ರಿ.