ಸಕ್ಕರೆ ಕಾಯಿಲೆ: ಊಟ, ದುಡಿಮೆ, ಔಷಧಿಗಳ ಹೊಂದಾಣಿಕೆ

ಸಕ್ಕರೆ ಕಾಯಿಲೆ ಪಟ್ಟಣದವರಿಗೆ, ಕುಳಿತು ಉಣ್ಣುವವರಿಗೆ ಬರುವ ರೋಗ. ಹೊಲದಲ್ಲಿ ದುಡಿಯುವವರಿಗೆ ಅದರ ಭಯವಿಲ್ಲ ಎಂಬ ಮಾತು ಹಳ್ಳಿಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಇದು ಸರಿಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ಪಟ್ಟಣಗಳ ವಯಸ್ಕರಲ್ಲಿ ನೂರಕ್ಕೆ ಸುಮಾರು 16 ಮಂದಿಗೂ ಹಳ್ಳಿಗಳಲ್ಲಿ ಸುಮಾರು 9 ಮಂದಿಗೂ ಈ ಕಾಯಿಲೆ ಇದೆ. ಉಳುಮೆಗೆ ಟ್ರಾಕ್ಟರ್, ಓಡಾಟಕ್ಕೆ ಬೈಕು ಬಂದು ಮೈದುಡಿಮೆ ಕಡಿಮೆಯಾಗಿದೆ. ಊಟದ ಪ್ರಮಾಣ ಮಾತ್ರ ಅನೇಕ ಮನೆಗಳಲ್ಲಿ ಮೊದಲಿನಂತೆಯೇ ಇದೆ. ಈ ಕಾಯಿಲೆ ಬಂದವರು ದಿನನಿತ್ಯ ಪಾಲಿಸಬೇಕಾದ ಕ್ರಮಗಳನ್ನು ಇಲ್ಲಿ ವಿವರಿಸಲಾಗಿದೆ.

ಕಾಯಿಲೆ ಎಂದರೇನು?

ನಾವು ಉಂಡ ಅನ್ನ, ಮುದ್ದೆ, ರೊಟ್ಟಿಗಳು ಜೀರ್ಣವಾಗಿ ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತವೆ. ಈ ಸಕ್ಕರೆ ರಕ್ತದಿಂದ ಮಾಂಸಖಂಡಗಳಿಗೆ ಹೋಗಲು ಮೇದೋಜೀರಕ ಗ್ರಂಥಿಯಲ್ಲಿ ತಯಾರಾಗುವ ಇನ್ಸುಲಿನ್ ಅಗತ್ಯ. ಕಾಲುವೆಯಲ್ಲಿ ನೀರು ತುಂಬಿದ್ದರೂ ತೂಬು ತೆರೆಯದಿದ್ದರೆ ಗದ್ದೆ ಒಣಗುತ್ತದೆಯಲ್ಲವೇ? ಹಾಗೆಯೇ ಇನ್ಸುಲಿನ್ ಸಾಲದಿದ್ದಾಗ ಅಥವಾ ಅದು ಸರಿಯಾಗಿ ಕೆಲಸ ಮಾಡದಿದ್ದಾಗ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ, ದೇಹ ಸೊರಗುತ್ತದೆ. ವರ್ಷಗಟ್ಟಲೆ ಹೀಗಾದರೆ ಕಣ್ಣು, ಮೂತ್ರಪಿಂಡ, ಹೃದಯ ಮತ್ತು ಕಾಲಿನ ನರಗಳು ಕೆಡುತ್ತವೆ.

ಅತಿಯಾದ ಬಾಯಾರಿಕೆ, ಮೇಲಿಂದ ಮೇಲೆ ಮೂತ್ರಕ್ಕೆ ಹೋಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಸುಸ್ತು, ಗಾಯ ಬೇಗ ಮಾಯದಿರುವುದು ಇದರ ಲಕ್ಷಣಗಳು. ಆದರೆ ಅನೇಕರಲ್ಲಿ ಮೊದಮೊದಲು ಯಾವ ಲಕ್ಷಣವೂ ಕಾಣುವುದಿಲ್ಲ. ಆದುದರಿಂದ 30 ವರ್ಷ ದಾಟಿದವರು, ಅದರಲ್ಲೂ ತಂದೆತಾಯಿಯರಿಗೆ ಕಾಯಿಲೆ ಇದ್ದವರು ಮತ್ತು ಹೊಟ್ಟೆಯ ಬೊಜ್ಜು ಇರುವವರು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು. ಬೆಳಗ್ಗೆ ಬರಿ ಹೊಟ್ಟೆಯಲ್ಲಿ 100 ಮಿಲಿಲೀಟರ್ ರಕ್ತದಲ್ಲಿ ಸಕ್ಕರೆ 100 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಸರಿ. 100ರಿಂದ 125ರವರೆಗೆ ಇದ್ದರೆ ಎಚ್ಚರಿಕೆಯ ಮಟ್ಟ. 126 ಅಥವಾ ಹೆಚ್ಚು ಇದ್ದು, ಮತ್ತೊಮ್ಮೆ ಪರೀಕ್ಷಿಸಿದಾಗಲೂ ಹಾಗೆಯೇ ಬಂದರೆ ಕಾಯಿಲೆ ಇದೆಯೆಂದು ತಿಳಿಯಬೇಕು.

ಊಟದಲ್ಲಿ ಅಳತೆ ಮುಖ್ಯ

"ಸಿಹಿ ಬಿಟ್ಟಿದ್ದೇನೆ, ಅನ್ನ ಬಿಟ್ಟು ರಾಗಿ ಉಣ್ಣುತ್ತಿದ್ದೇನೆ, ಆದರೂ ಸಕ್ಕರೆ ಇಳಿದಿಲ್ಲ" ಎನ್ನುವವರು ಬಹಳ. ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ, ಅಷ್ಟೇ ತೂಕದ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಶರ್ಕರಪಿಷ್ಟವಿದೆ. ರಾಗಿಯಲ್ಲಿ ನಾರಿನಂಶ ಸುಮಾರು 11 ಗ್ರಾಂ ಇದ್ದರೆ ಅಕ್ಕಿಯಲ್ಲಿ 3 ಗ್ರಾಂ ಸಹ ಇಲ್ಲ. ಆದುದರಿಂದ ರಾಗಿ ಉತ್ತಮ ಧಾನ್ಯವೇ ಸರಿ, ಆದರೆ ಔಷಧಿಯಲ್ಲ. ಒಂದರ ಬದಲು ಎರಡು ದೊಡ್ಡ ಮುದ್ದೆ ಉಂಡರೆ ಆ ಲಾಭ ಅಲ್ಲಿಗೇ ಮುಗಿಯಿತು. ತೆಳ್ಳಗೆ ಕಾಸಿದ ರಾಗಿ ಗಂಜಿ ಮುದ್ದೆಗಿಂತ ಬೇಗ ಸಕ್ಕರೆ ಏರಿಸಬಲ್ಲದು. ಜೋಳ, ನವಣೆ, ಸಾಮೆಗಳಿಗೂ ಅಳತೆಯ ಮಾತು ಅನ್ವಯಿಸುತ್ತದೆ.

ತಟ್ಟೆಯ ಅರ್ಧ ಭಾಗ ಸೊಪ್ಪು ತರಕಾರಿ, ಕಾಲು ಭಾಗ ಬೇಳೆ ಕಾಳು, ಮೊಟ್ಟೆ ಅಥವಾ ಮೀನು, ಉಳಿದ ಕಾಲು ಭಾಗ ಮಾತ್ರ ಮುದ್ದೆ, ರೊಟ್ಟಿ ಅಥವಾ ಅನ್ನ ಇರಲಿ. ನುಗ್ಗೆ, ದಂಟು, ಹೀರೆ, ಪಡವಲ, ಬದನೆ, ಹುರುಳಿ, ಅವರೆ, ಅಲಸಂದೆ ಇವೆಲ್ಲ ನಿಮ್ಮ ಹೊಲದ ಬದುವಿನಲ್ಲೇ ಬೆಳೆಯುವಂಥವು. ಬೆಲ್ಲ, ಜೇನುತುಪ್ಪ ಸಕ್ಕರೆಗಿಂತ ನಿರಪಾಯ ಎಂಬುದು ತಪ್ಪು ತಿಳಿವಳಿಕೆ. ಹಾಗಲಕಾಯಿಯನ್ನು ಪಲ್ಯವಾಗಿ ತಿನ್ನಬಹುದು. ಅದನ್ನು ನಂಬಿ ಮಾತ್ರೆ ನಿಲ್ಲಿಸಕೂಡದು.

ಸುಗ್ಗಿಯ ದುಡಿಮೆ, ಬೇಸಿಗೆಯ ಬಿಡುವು

ರೈತನ ಕೆಲಸ ವರ್ಷವಿಡೀ ಒಂದೇ ಸಮನಾಗಿರುವುದಿಲ್ಲ. ನಾಟಿ, ಕೊಯ್ಲು, ಒಕ್ಕಣೆಯ ದಿನಗಳಲ್ಲಿ ದಿನವೆಲ್ಲ ಮೈಮುರಿದು ದುಡಿಯಬೇಕು. ಬೇಸಿಗೆಯಲ್ಲಿ ವಾರಗಟ್ಟಲೆ ಬಿಡುವು. ಬಿಡುವಿನಲ್ಲೂ ಸುಗ್ಗಿಯಷ್ಟೇ ಉಂಡರೆ ಸಕ್ಕರೆ ಏರುತ್ತದೆ. ಆ ದಿನಗಳಲ್ಲಿ ಮುದ್ದೆ ಅನ್ನದ ಅಳತೆ ತಗ್ಗಿಸಿ, ನಿತ್ಯ ಅರ್ಧ ಗಂಟೆಯಾದರೂ ಬಿರುಸಾಗಿ ನಡೆಯಬೇಕು.

ಸುಗ್ಗಿಯಲ್ಲಿ ಇದಕ್ಕೆ ವಿರುದ್ಧವಾದ ಅಪಾಯವಿದೆ. ಬೆಳಗ್ಗೆ ಇನ್ಸುಲಿನ್ ಚುಚ್ಚಿಕೊಂಡು ಅಥವಾ ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗಿ ಹೊಲಕ್ಕೆ ಹೋಗಿ, ಬುತ್ತಿ ಬರುವುದು ತಡವಾದರೆ, ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿಳಿಯಬಹುದು. ಆಗ ಬೆವರು, ಕೈನಡುಕ, ವಿಪರೀತ ಹಸಿವು, ಎದೆಬಡಿತ, ಕಣ್ಣು ಮಂಜಾಗುವುದು, ಮಾತು ತಡವರಿಸುವುದು ಕಂಡುಬರುತ್ತದೆ. ಬಿಸಿಲಿನ ಆಯಾಸವೆಂದು ಇದನ್ನು ಕಡೆಗಣಿಸಬಾರದು. ಕೂಡಲೇ ಕೆಲಸ ನಿಲ್ಲಿಸಿ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. 15 ನಿಮಿಷದಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ ಕುಡಿದು, ಅನಂತರ ಊಟ ಮಾಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ತಕ್ಷಣ ಆಸ್ಪತ್ರೆಗೆ ಸಾಗಿಸಬೇಕು.

ಆದ್ದರಿಂದ ಇಂಥ ಔಷಧಿ ತೆಗೆದುಕೊಳ್ಳುವವರು ಹೊಲಕ್ಕೆ ಹೋಗುವಾಗ ಜೇಬಿನಲ್ಲಿ ಸಕ್ಕರೆಯ ಪೊಟ್ಟಣ ಇಟ್ಟುಕೊಂಡಿರಲಿ. ಜೊತೆಯಲ್ಲಿ ದುಡಿಯುವವರಿಗೂ ವಿಷಯ ತಿಳಿಸಿರಲಿ. ಹೊತ್ತಿಗೆ ಸರಿಯಾಗಿ ಉಣ್ಣದೆ ಟ್ರಾಕ್ಟರ್ ಓಡಿಸುವುದು, ತೆಂಗು ಅಡಿಕೆ ಮರ ಹತ್ತುವುದು, ಬಾವಿಗಿಳಿಯುವುದು ಬೇಡ. ದುಡಿಮೆ ಹೆಚ್ಚಾಗುವ ದಿನಗಳು ಹತ್ತಿರವಾದಾಗ, ಇಲ್ಲವೇ ಉಪವಾಸದ ವ್ರತ ಬಂದಾಗ, ಮಾತ್ರೆಯ ಪ್ರಮಾಣವನ್ನು ಮೊದಲೇ ವೈದ್ಯರಲ್ಲಿ ಕೇಳಿ ತಿಳಿಯಿರಿ, ನೀವಾಗಿಯೇ ಬದಲಾಯಿಸಬೇಡಿ.

ಬಳಸುತ್ತಿರುವ ಇನ್ಸುಲಿನ್ ಸೀಸೆಯನ್ನು ಬಿಸಿಲಿಗಾಗಲಿ ಒಲೆಯ ಬಳಿಯಾಗಲಿ ಇಡಬಾರದು. ಫ್ರಿಜ್ ಇಲ್ಲದ ಮನೆಯವರು ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆಯಿಟ್ಟು, ನಡುವೆ ಮರಳು ತುಂಬಿ, ಅದಕ್ಕೆ ನೀರು ಹನಿಸುತ್ತಾ ಒಳಮಡಕೆಯಲ್ಲಿ ಸೀಸೆಯನ್ನು ನೀರು ತಗಲದಂತೆ ಇಡಬಹುದು.

ಪಾದಗಳ ರಕ್ಷಣೆ

ಬರಿಗಾಲಿನಲ್ಲಿ ದುಡಿಯುವ ರೈತನಿಗೆ ಈ ಕಾಯಿಲೆಯ ದೊಡ್ಡ ಗಂಡಾಂತರ ಇರುವುದು ಪಾದದಲ್ಲಿ. ನರಗಳು ಸೋತಾಗ ಅಂಗಾಲು ಜೋಮುಗಟ್ಟುತ್ತದೆ. ಜಾಲಿ ಮುಳ್ಳು ಚುಚ್ಚಿದರೂ, ಕಬ್ಬಿನ ಕೂಳೆ ತರಚಿದರೂ ನೋವು ತಿಳಿಯುವುದಿಲ್ಲ. ನೋವಿಲ್ಲದ ಗಾಯವನ್ನು ಯಾರೂ ಲೆಕ್ಕಿಸುವುದಿಲ್ಲ. ಅದು ಕೀವುಗಟ್ಟಿ, ಕೊಳೆತು, ಕಾಲನ್ನೇ ಕತ್ತರಿಸಬೇಕಾಗಿ ಬರಬಹುದು. ಇದನ್ನು ತಡೆಯಲು ಹೀಗೆ ಮಾಡಿ:

1. ಹೊಲದಲ್ಲೂ ಮನೆಯಲ್ಲೂ ಮೆತ್ತನೆಯ ಅಟ್ಟೆಯ, ಹಿಂಬದಿ ಪಟ್ಟಿಯಿರುವ ಚಪ್ಪಲಿ ಹಾಕಿಕೊಳ್ಳಿ. ಕೆಸರು ಗದ್ದೆಗೆ ಗಂಬೂಟು ಬಳಸಿ. ಹಾಕುವ ಮುನ್ನ ಒಳಗೆ ಕಲ್ಲು, ಮುಳ್ಳು ಇದೆಯೇ ಎಂದು ಕೊಡವಿ ನೋಡಿ.

2. ಸಂಜೆ ಕಾಲು ತೊಳೆದು ಬೆರಳ ಸಂದುಗಳನ್ನು ಒರೆಸಿ ಒಣಗಿಸಿ. ಅಂಗಾಲನ್ನು ಕನ್ನಡಿ ಹಿಡಿದು ನೋಡಿ, ಇಲ್ಲವೇ ಮನೆಯವರಿಂದ ನೋಡಿಸಿ.

3. ಬಿಸಿನೀರಿನ ಹದವನ್ನು ಕಾಲಿನಿಂದ ನೋಡದೆ ಮೊಣಕೈಯಿಂದ ನೋಡಿ. ಚಳಿಗೆ ಬೆಂಕಿಯ ಮುಂದೆ ಕಾಲು ಚಾಚಬೇಡಿ.

4. ಆಣಿಯನ್ನು ಬ್ಲೇಡಿನಿಂದ ಕೊಯ್ದುಕೊಳ್ಳಬೇಡಿ. ಗಾಯಕ್ಕೆ ಸುಣ್ಣ, ಹೊಗೆಸೊಪ್ಪು ಹಚ್ಚದೆ, ಶುದ್ಧ ನೀರಿನಿಂದ ತೊಳೆದು, ಶುಭ್ರ ಬಟ್ಟೆ ಕಟ್ಟಿ ಅಂದೇ ವೈದ್ಯರಿಗೆ ತೋರಿಸಿ.

5. ಬೀಡಿ, ಸಿಗರೇಟು ಬಿಡಿ. ಅವು ಕಾಲಿನ ರಕ್ತ ಸಂಚಾರವನ್ನು ಮತ್ತಷ್ಟು ಕೆಡಿಸುತ್ತವೆ.

ತಪ್ಪದ ತಪಾಸಣೆ

ಮಣ್ಣು ಪರೀಕ್ಷೆ ಇಲ್ಲದೆ ಗೊಬ್ಬರದ ಪ್ರಮಾಣ ಗೊತ್ತಾಗದಂತೆ, ರಕ್ತ ಪರೀಕ್ಷೆ ಇಲ್ಲದೆ ಔಷಧಿಯ ಪ್ರಮಾಣ ಗೊತ್ತಾಗದು. ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಬಹುಮಂದಿಗೆ ಶೇಕಡ 7ಕ್ಕಿಂತ ಕಡಿಮೆ ಬರಬೇಕು; ವಯಸ್ಸಾದವರ ಗುರಿಯನ್ನು ವೈದ್ಯರು ನಿರ್ಧರಿಸುತ್ತಾರೆ. ಕಣ್ಣು, ಮೂತ್ರಪಿಂಡ, ಪಾದಗಳನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಿಕೊಳ್ಳಬೇಕು. ಸಕ್ಕರೆ ಹತೋಟಿಗೆ ಬಂದಿತೆಂದು ಮಾತ್ರೆ ಬಿಟ್ಟವರಲ್ಲಿ ಅದು ಸಾಮಾನ್ಯವಾಗಿ ಮತ್ತೆ ಏರುತ್ತದೆ. ಅಳತೆಯ ಊಟ, ದಿನವೂ ಮೈದುಡಿಮೆ, ಹೊತ್ತಿಗೆ ಸರಿಯಾಗಿ ಔಷಧಿ ಈ ಮೂರನ್ನೂ ಒಂದಕ್ಕೊಂದು ಹೊಂದಿಸಿಕೊಂಡವರು ಈ ಕಾಯಿಲೆಯಿದ್ದೂ ಬಹುಕಾಲ ಬೇಸಾಯ ಮಾಡಿಕೊಂಡು ಬಾಳಬಹುದು.