ಸೈಕಲ್ಲಿನ ದೀಪವೂ ಪೋಲೀಸರ ಸೀಟಿಯೂ

ಸೈಕಲ್ಲನ್ನು ಒಮ್ಮೆಯೂ ತುಳಿಯದ ಗೃಹಸ್ಥರು ನಮ್ಮ ವಾಚಕರಲ್ಲಿ ವಿರಳ. ಸೈಕಲ್ಲಿನ ಮೇಲಿರುವಾಗ ಪೋಲೀಸ ಸಿಪಾಯಿಯ ಸೀಟಿಯನ್ನು ಕೇಳಿ ಎದೆ ಝಲ್ಲೆನ್ನದವರು ಅವರಿಗಿಂತಲೂ ವಿರಳ. ಕಳ್ಳನಿಗೆ ಪೋಲೀಸರ ಭಯವಿರುವದು ಸ್ವಾಭಾವಿಕವಾದದ್ದು. ಆದರೆ ಹಾಲು ಮಾರುವವನಿಗೆ, ವೃತ್ತಪತ್ರ ಹಂಚುವ ಹುಡುಗನಿಗೆ, ಗಿರಣಿಯ ಪಾಳಿಯನ್ನು ಮುಗಿಸಿ ಮನೆಗೆ ಮರಳುವ ಕೂಲಿಕಾರನಿಗೆ ಈ ಭಯವೇಕೆ? ಒಂದು ಶತಮಾನಕ್ಕಿಂತ ಹೆಚ್ಚು ಕಾಲದಿಂದ ನಾನಾ ದೇಶಗಳ ಪಟ್ಟಣಗಳಲ್ಲಿ ಈ ಎರಡು ಪಕ್ಷಗಳಿಗೆ ಜಗಳವು ನಡೆದೇ ಇದೆ. ಘಟಪ್ರಭೆಯ ಸೀಮೆಯ ಮಸಗುಪ್ಪಿಯಂಥ ಹಳ್ಳಿಯಲ್ಲಿ ಕುಳಿತು ಪಟ್ಟಣದ ಜಗಳವನ್ನು ಕುರಿತು ಬರೆಯಲು ನಿಮಗೇನು ಅಧಿಕಾರವೆಂದು ಯಾರಾದರೂ ಕೇಳಿಯಾರು. ಆ ಜಗಳದಲ್ಲಿ ನಾವೂ ಒಮ್ಮೆ ಸಿಕ್ಕಿದವರು. ಅದಲ್ಲದೆ, ಅದರ ಸಿಟ್ಟನ್ನು ಬಹುಕಾಲ ಹೊತ್ತು ತಿರುಗಿ ಪರರಿಗೆ ಕೇಡನ್ನು ಮಾಡಿದವರು. ಆದುದರಿಂದ ಬರೆಯುತ್ತೇವೆ.

1983ನೆಯ ಇಸವಿಯ ಮಳೆಗಾಲದ ಮಾತು. ನಾವು ಆಗ ಪಾಠಶಾಲೆಯಲ್ಲಿ ಕಾವ್ಯವನ್ನು ಓದುತ್ತಿದ್ದ ಹದಿನೆಂಟು ವರ್ಷದ ತರುಣರು. ತೀರ್ಥರೂಪರಿಗೆ ಉಬ್ಬಸದ ಬಾಧೆಯು ಉಲ್ಬಣಿಸಿ, ಔಷಧವನ್ನು ತರಲು ಸಂಜೆಯ ಹೊತ್ತಿಗೆ ಎರಡು ಹರದಾರಿಯ ಮೇಲಿನ ಪೇಟೆಗೆ ಹೋಗಬೇಕಾಯಿತು. ಸೈಕಲ್ಲು ನೆರೆಮನೆಯವರದು. ಅದಕ್ಕೆ ದೀಪವಿರಲಿಲ್ಲವಾದ್ದರಿಂದ ಗೆಳೆಯನೊಬ್ಬನು ಹಿಂದೆ ಕುಳಿತು, ನಮ್ಮ ಭುಜದ ಮೇಲಿಂದ ಬ್ಯಾಟರಿಯ ಬೆಳಕನ್ನು ದಾರಿಗೆ ಚೆಲ್ಲುತ್ತ ಬಂದನು. ಔಷಧವನ್ನು ಕೊಂಡು ಊರಿಗೆ ಹೊರಟಾಗ ಪೇಟೆಯ ನಾಲ್ಕು ಹಾದಿ ಕೂಡುವಲ್ಲಿ ಸೀಟಿ ಕೇಳಿಸಿತು. ಒಂದು ಸೈಕಲ್ಲಿನ ಮೇಲೆ ಇಬ್ಬರು ಕೂತದ್ದು ಒಂದು ತಪ್ಪು; ದೀಪವು ಸೈಕಲ್ಲಿಗೆ ಇಲ್ಲದೆ ಗೆಳೆಯನ ಕೈಯಲ್ಲಿ ಇದ್ದದ್ದು ಎರಡನೆಯದು; ಬಿಲ್ಲೆಯಿಲ್ಲದ್ದು ಮೂರನೆಯದು. ಹಳ್ಳಿಯ ಸೈಕಲ್ಲಿಗೆ ಪೇಟೆಯ ಮುನಸಿಪಾಲಟಿಯ ಬಿಲ್ಲೆ ಎಲ್ಲಿಂದ ಬಂದೀತು ಎಂದು ನಾವು ತರ್ಕಶಾಸ್ತ್ರದ ಧಾಟಿಯಲ್ಲಿ ವಾದಿಸಿದೆವು. ಆ ವಾದವೇ ನಮಗೆ ಮುಳುವಾಯಿತು. ಸಿಪಾಯಿಯು ಎರಡೂ ಚಕ್ರಗಳ ಗಾಳಿಯನ್ನು ಬಿಟ್ಟು, ವಾಲ್‌ಗಳನ್ನು ಕಿತ್ತು ಕಿಸೆಯಲ್ಲಿ ಹಾಕಿಕೊಂಡು, “ಪಂಡಿತರು ಇನ್ನು ನಡೆದುಕೊಂಡು ಹೋಗೋಣವಾಗಲಿ” ಎಂದನು.

ಸೈಕಲ್ಲನ್ನು ನೂಕುತ್ತ, ಕೆಸರಿನಲ್ಲಿ ಕಾಲನ್ನು ಎಳೆಯುತ್ತ ಮನೆಯನ್ನು ಮುಟ್ಟಿದಾಗ ನಡುರಾತ್ರಿ ಮೀರಿತ್ತು. ಮಾತೋಶ್ರೀಯವರು ತೀರ್ಥರೂಪರ ಬೆನ್ನಿಗೆ ದಿಂಬನ್ನು ಆನಿಸಿ ಹಿಡಿದುಕೊಂಡು ಬಾಗಿಲನ್ನೇ ನೋಡುತ್ತ ಕುಳಿತಿದ್ದರು. ಅವರು ಏನೂ ಕೇಳಲಿಲ್ಲ. ತೀರ್ಥರೂಪರು ಅದಾದ ಮೇಲೆ ಹನ್ನೊಂದು ವರ್ಷ ಬದುಕಿದರು. ಆದರೆ ಆ ರಾತ್ರಿಯ ಅವರ ಉಸಿರಿನ ಸಪ್ಪಳವು ನಮ್ಮ ಕಿವಿಯಿಂದ ಹೋಗಲಿಲ್ಲ.

ಈಗಿನ ಹುಡುಗರಿಗೆ ‘ಡಬ್ಬಲ್ ಸೀಟು’ ಎಂಬ ಮಾತಿನಲ್ಲಿದ್ದ ಭೀತಿಯು ತಿಳಿಯಲಾರದು. ಬೆಳಗಾವಿ ಜಿಲ್ಲೆಯು 1956ರ ನವಂಬರ 1ರ ವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1951ರ ಮುಂಬಯಿ ಪೋಲೀಸ ಕಾಯದೆಯೂ, ಆಮೇಲೆ 1963ರ ನಮ್ಮ ರಾಜ್ಯದ ಪೋಲೀಸ ಕಾಯದೆಯೂ ರಸ್ತೆಯ ಸಂಚಾರಕ್ಕೆ ನಿಯಮಗಳನ್ನು ಮಾಡುವ ಅಧಿಕಾರವನ್ನು ಅಧಿಕಾರಿಗಳಿಗೆ ಕೊಟ್ಟವು. ಪುರಸಭೆಗಳು ಸೈಕಲ್ಲಿಗೆ ತೆರಿಗೆಯನ್ನು ಹಾಕಿ ಲೋಹದ ಬಿಲ್ಲೆಯನ್ನು ಕೊಡುತ್ತಿದ್ದವು. ತೆರಿಗೆಯ ಗುಮಾಸ್ತನೂ ಪೋಲೀಸ ಸಿಪಾಯಿಯೂ ಒಂದೇ ತಿರುವಿನಲ್ಲಿ ನಿಂತುಬಿಟ್ಟರೆ ಸೈಕಲ್ಲಿನವರು ಓಣಿಯೊಳಗಿನ ಓಣಿಯನ್ನು ಹಿಡಿಯುತ್ತಿದ್ದರು. ಇಂದು ಬಿಲ್ಲೆಗಳು ಹಳೆಯ ಕಬ್ಬಿಣದ ಅಂಗಡಿಯನ್ನು ಸೇರಿವೆ. 1988ರ ಮೋಟಾರು ವಾಹನ ಕಾಯದೆಯು ಸೈಕಲ್ಲನ್ನು ಮೋಟಾರು ವಾಹನವೆಂದು ಎಣಿಸುವದಿಲ್ಲ. ಅದಕ್ಕೆ ನೋಂದಣಿಯೂ ಬೇಡ, ಸವಾರನಿಗೆ ಪರವಾನಗಿಯೂ ಬೇಡ. ಇದು ಬಡವರಿಗೆ ದೊಡ್ಡ ಸೌಕರ್ಯವೇ ಸರಿ. ಆದರೆ ಕಾಯದೆಯ ಎಣಿಕೆಯಲ್ಲಿ ಇಲ್ಲದವನು ರಸ್ತೆಯನ್ನು ಕಟ್ಟುವವನ ಎಣಿಕೆಯಲ್ಲಿಯೂ ಇಲ್ಲದಂತಾದನು.

ನಮ್ಮ ಪೂರ್ವಿಕರು ಈ ವಿಷಯದಲ್ಲಿ ಹೆಚ್ಚು ಎಚ್ಚರವುಳ್ಳವರಾಗಿದ್ದರೆಂದು ಹೇಳಲು ನಮಗೆ ಸಂತೋಷವಾಗುತ್ತದೆ. ಇದು ಸಂಸ್ಕೃತ ಓದಿದವನ ಪಕ್ಷಪಾತವೆಂದು ವಾಚಕರು ನಕ್ಕರೂ ಚಿಂತೆಯಿಲ್ಲ. ಕೌಟಿಲ್ಯನು ತನ್ನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ದಾರಿಗಳ ಅಗಲವನ್ನು ವಿಧಿಸುವಾಗ ರಥಕ್ಕೆ 5 ಅರತ್ನಿ, ದನಗಳಿಗೆ 4 ಅರತ್ನಿ, ಸಣ್ಣ ಪ್ರಾಣಿಗಳಿಗೂ ಮನುಷ್ಯರಿಗೂ 2 ಅರತ್ನಿ ಎಂದು ಬೇರೆ ಬೇರೆಯಾಗಿ ಹೇಳಿದ್ದಾನೆ. ಅರತ್ನಿಯೆಂದರೆ 24 ಅಂಗುಲ, ಸುಮಾರು ಒಂದು ಮೊಳ. ರಥವು ಬಂದಿತೆಂದು ನಡೆಯುವವನ ದಾರಿಯನ್ನು ಅವನು ಅಳಿಸಲಿಲ್ಲ. ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ ಯಾರಿಗೆ ದಾರಿ ಬಿಡತಕ್ಕದ್ದೆಂಬ ಪಟ್ಟಿಯಿದೆ: ಚಕ್ರವುಳ್ಳವನು, ಅತಿವೃದ್ಧನು, ರೋಗಿಯು, ಹೊರೆ ಹೊತ್ತವನು, ಸ್ತ್ರೀಯು, ಸ್ನಾತಕನು, ರಾಜನು, ಮದುವಣಿಗನು. ‘ಚಕ್ರಿ’ ಎಂಬ ಶಬ್ದಕ್ಕೆ ಗಾಡಿಯಲ್ಲಿ ಕುಳಿತವನೆಂದೇ ಅರ್ಥ. ಎರಡು ಚಕ್ರವುಳ್ಳವನೂ ಚಕ್ರಿಯೇ ಅಲ್ಲವೇ ಎಂದು ನಾವು ತರಗತಿಯಲ್ಲಿ ಮಕ್ಕಳನ್ನು ನಗಿಸುತ್ತಿದ್ದೆವು. ಅದೇ ಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ, ಗಾಡಿಯಿಂದ ಅಪಘಾತವಾದಾಗ ದಂಡವಿಲ್ಲದ ಹತ್ತು ಸಂದರ್ಭಗಳನ್ನು ಎಣಿಸಿದೆ. ಮೂಗುದಾರ ಹರಿದರೆ, ನೊಗ ಮುರಿದರೆ, ಅಚ್ಚು ಮುರಿದರೆ ತಪ್ಪಿಲ್ಲ; ‘ಸರಿ, ಸರಿ’ ಎಂದು ಮೊದಲೇ ಕೂಗಿ ಎಚ್ಚರಿಸಿದವನಿಗೂ ತಪ್ಪಿಲ್ಲ. ಸಾರಥಿಯು ಅಕುಶಲನಾಗಿದ್ದರೆ ಮಾತ್ರ ಒಡೆಯನಿಗೇ ದಂಡ. ಸೈಕಲ್ಲಿನ ಗಂಟೆಯ ಧರ್ಮವೆಲ್ಲವೂ ಆ ಕೂಗಿನಲ್ಲಿ ಅಡಗಿದೆಯೆಂದು ನಮ್ಮ ಅಭಿಪ್ರಾಯ.

ಇಂಗ್ಲಂಡದಲ್ಲಿ ಈ ಗಂಟೆಯೂ ದೀಪವೂ ಹೇಗೆ ಬಂದವೆಂಬುದು ಸ್ವಾರಸ್ಯವಾಗಿದೆ. 1879ರಲ್ಲಿ ಒಬ್ಬ ಸವಾರನು ಅತಿವೇಗದಿಂದ ಸೈಕಲ್ಲನ್ನು ಓಡಿಸಿದನೆಂದು ದಂಡಕ್ಕೆ ಗುರಿಯಾದನು. ಕಾಯದೆಯಲ್ಲಿ ‘ಗಾಡಿ’ ಎಂದಿದೆ, ಸೈಕಲ್ಲು ಗಾಡಿಯಲ್ಲವೆಂದು ಅವನ ವಾದ. ನ್ಯಾಯಾಧೀಶರು ಅದೂ ಗಾಡಿಯೇ ಎಂದು ತೀರ್ಮಾನಿಸಿದರು. 1888ರ ಸ್ಥಾನಿಕ ಸರಕಾರದ ಕಾಯದೆಯು ಇದನ್ನೇ ಬರೆದಿಟ್ಟು, ಕತ್ತಲಾದ ಮೇಲೆ ದೀಪವಿರಬೇಕೆಂದೂ, ಮುಂದಿನವರನ್ನು ದಾಟುವಾಗ ಗಂಟೆಯನ್ನಾದರೂ ಬೇರೆ ಸಪ್ಪಳವನ್ನಾದರೂ ಮಾಡಬೇಕೆಂದೂ ವಿಧಿಸಿತು. ಸವಾರನಿಗೆ ದಂಡವೇನೋ ಬಂತು. ಆದರೆ ರಸ್ತೆಯ ಮೇಲೆ ಗಾಡಿಗಿದ್ದ ಹಕ್ಕು ಸೈಕಲ್ಲಿಗೂ ಬಂತು. ಕಟ್ಟಳೆಯೂ ಹಕ್ಕೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳೆಂಬುದನ್ನು ಆ ಜನರು ಆಗಲೇ ಕಂಡುಕೊಂಡರು.

ಎಲ್ಲೆಡೆಯೂ ಹೀಗೆ ಸುಸೂತ್ರವಾಗಲಿಲ್ಲ. ಅಮೇರಿಕೆಯಲ್ಲಿ 1992ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಆರಂಭವಾಗಿ ಬೇರೆ ಊರುಗಳಿಗೂ ಹಬ್ಬಿದ ಒಂದು ಪದ್ಧತಿಯುಂಟು. ತಿಂಗಳಿಗೊಮ್ಮೆ ನೂರಾರು ಸವಾರರು ಒಟ್ಟುಗೂಡಿ ಬೀದಿಯನ್ನು ತುಂಬಿ ನಡೆಯುತ್ತಾರೆ. 2004ರ ಆಗಸ್ಟದ ಕೊನೆಯಲ್ಲಿ ನ್ಯೂಯಾರ್ಕದಲ್ಲಿ ಒಂದು ರಾಜಕೀಯ ಪಕ್ಷದ ಮಹಾಧಿವೇಶನವು ಸಮೀಪಿಸಿದಾಗ ಪೋಲೀಸರು ಒಂದೇ ರಾತ್ರಿಯಲ್ಲಿ ಇಂಥ 250ಕ್ಕೂ ಹೆಚ್ಚು ಜನರನ್ನು ಹಿಡಿದರು. ಅದೇ ದೇಶದ ಐಡಾಹೋ ಎಂಬ ಸಂಸ್ಥಾನವು ಮಾತ್ರ ಬಹು ಮೊದಲೇ, 1982ರಲ್ಲಿ, ವಿಲಕ್ಷಣವಾದ ಒಂದು ಉಪಾಯವನ್ನು ಮಾಡಿತ್ತು: ‘ನಿಲ್ಲಿರಿ’ ಎಂಬ ಫಲಕವಿರುವಲ್ಲಿ ಸೈಕಲ್ಲಿನವನು ವೇಗವನ್ನು ತಗ್ಗಿಸಿ, ಇತರರಿಗೆ ದಾರಿ ಕೊಟ್ಟು, ಬೇರೆ ಯಾರೂ ಬಾರದಿದ್ದರೆ ಪೂರ್ತಿಯಾಗಿ ನಿಲ್ಲದೆಯೇ ಮುಂದುವರಿಯಬಹುದು. ಮುರಿಯದೆ ಇರಲು ಆಗದ ಕಟ್ಟಳೆಯನ್ನು ತಿದ್ದುವದು ದಂಡ ಹಾಕುವದಕ್ಕಿಂತ ಜಾಣತನವೆಂದು ಅವರಿಗೆ ತೋರಿರಬೇಕು.

ನಮ್ಮ ದೇಶದ ಕಲಕತ್ತೆಯ ಸಂಗತಿಯು ಇದಕ್ಕೆ ತೀರ ವಿರುದ್ಧ. ಅಲ್ಲಿಯ ಪೋಲೀಸರು 2008ರಲ್ಲಿ ಕೆಲವು ರಸ್ತೆಗಳಲ್ಲಿ ಸೈಕಲ್ಲನ್ನು ನಿಷೇಧಿಸಿದರು. 2013ರಲ್ಲಿ ಆ ನಿಷೇಧವು 174 ರಸ್ತೆಗಳಿಗೆ ಹಬ್ಬಿತು. ಹಿಡಿದು ದಂಡ ವಸೂಲು ಮಾಡುವದು ನಿತ್ಯದ ನೋಟವಾಯಿತು. ಸಿಕ್ಕಿಬಿದ್ದವರು ಯಾರೆಂದು ಬೇರೆ ಹೇಳಬೇಕೇ? ಹಾಲಿನವರು, ಪತ್ರಿಕೆಯವರು, ಬಡಗಿಗಳು, ಮನೆಗೆಲಸಕ್ಕೆ ಹೋಗುವವರು. ಜನರು ಬೀದಿಗಿಳಿದು ಕೂಗಿದ ಮೇಲೆ ಆ ಸಂಖ್ಯೆಯು 62ಕ್ಕೆ ಇಳಿಯಿತು. ನಮ್ಮ ಕರ್ನಾಟಕದಲ್ಲಿಯೂ 2023ರ ಆಗಸ್ಟ 1ರಿಂದ ಬೆಂಗಳೂರು-ಮೈಸೂರು ಹೊಸ ಹೆದ್ದಾರಿಯ ಮುಖ್ಯ ಪಥದಲ್ಲಿ ಮೋಟಾರು ಸೈಕಲ್ಲು, ಆಟೋರಿಕ್ಷಾ, ಟ್ರ್ಯಾಕ್ಟರುಗಳೊಡನೆ ಮೋಟಾರಿಲ್ಲದ ವಾಹನಗಳನ್ನೂ ತಡೆದರು. ಇವೆರಡನ್ನೂ ನಾವು ಒಂದೇ ತಕ್ಕಡಿಯಲ್ಲಿ ತೂಗಲಾರೆವು. ಬಾಣದಂತೆ ಹಾರುವ ಕಾರುಗಳ ನಡುವೆ ಸೈಕಲ್ಲಿನವನನ್ನು ಬಿಡುವದು ಅವನನ್ನು ಕೊಲ್ಲುವದೇ. ಮೇಲಾಗಿ ಅಲ್ಲಿ ಪಕ್ಕದಲ್ಲಿ ಸೇವಾರಸ್ತೆಯುಂಟು. ಊರೊಳಗೆ ಬೇರೆ ದಾರಿಯನ್ನೇ ತೋರಿಸದೆ ‘ನೀನು ಬರಬೇಡ’ ಎನ್ನುವದು ಬೇರೆಯ ಮಾತು.

ಇಷ್ಟೆಲ್ಲ ಪರಸ್ಥಳದ ಸುದ್ದಿಯನ್ನು ಬರೆದು ನಮ್ಮೂರಿನ ಸುದ್ದಿಯನ್ನು ಹಿಂದೆ ಸರಿಸುತ್ತ ಬಂದಿದ್ದೇವೆ. ಇನ್ನು ಅದನ್ನು ಹೇಳಲೇಬೇಕು.

ಶಿಕ್ಷಕರಾದ ಮೇಲೆ ನಾವು ಮಕ್ಕಳಿಗೆ ಸತ್ಯ, ಶೌಚ, ಸಮಯಪಾಲನೆ ಎಲ್ಲವನ್ನೂ ಬೋಧಿಸಿದೆವು. ದೀಪವನ್ನು ಮಾತ್ರ ಬೋಧಿಸಲಿಲ್ಲ. 2006-07ರಿಂದ ಸರಕಾರವು ಎಂಟನೆಯ ಇಯತ್ತೆಯ ಮಕ್ಕಳಿಗೆ ಸೈಕಲ್ಲುಗಳನ್ನು ಕೊಡತೊಡಗಿ, 2020ರ ಮಹಾಮಾರಿಯೊಡನೆ ಆ ಯೋಜನೆಯು ನಿಲ್ಲುವ ವರೆಗೆ, ಶಾಲೆಯ ಅಂಗಳವು ಸೈಕಲ್ಲುಗಳಿಂದ ತುಂಬಿರುತ್ತಿತ್ತು. ಆಗ 1983ರ ಕಥೆಯನ್ನು ನಾವು ರಸವತ್ತಾಗಿ ಹೇಳಿ, “ದೀಪವು ಬೇಕಾದದ್ದು ಸೈಕಲ್ಲಿಗಲ್ಲ, ಪೋಲೀಸರಿಗೆ” ಎಂದು ಮುಗಿಸುತ್ತಿದ್ದೆವು. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು.

2009ರ ಚಳಿಗಾಲದಲ್ಲಿ, ಹತ್ತನೆಯ ಇಯತ್ತೆಯ ಒಬ್ಬ ವಿದ್ಯಾರ್ಥಿಯು ತಂದೆಯ ಹಳೆಯ ಸೈಕಲ್ಲಿನ ಮೇಲೆ ಬರುತ್ತಿದ್ದನು. “ಗುರುಗಳೇ, ಡೈನಮೋ ಕೆಟ್ಟದೆ, ಸಂಜೆಯ ಪಾಠಕ್ಕೆ ನಿಲ್ಲಲೋ ಬೇಡವೋ” ಎಂದು ಕೇಳಿದನು. ಪರೀಕ್ಷೆಯು ಸಮೀಪಿಸಿತ್ತು. ನಾವು ಅದೇ ಹಾಸ್ಯದ ಮಾತನ್ನಾಡಿ ಅವನನ್ನು ನಿಲ್ಲಿಸಿಕೊಂಡೆವು. ಮೂರನೆಯ ದಿನ ರಾತ್ರಿ, ಕಬ್ಬಿನ ಹೇರನ್ನು ತುಂಬಿದ ಟ್ರೇಲರೊಂದು ಗಾಲಿ ಕೆಟ್ಟು ದಾರಿಯ ಮಗ್ಗುಲಿಗೆ ನಿಂತಿತ್ತು. ಅದರ ಹಿಂದೆ ಕೆಂಪು ದೀಪವಿಲ್ಲ, ಒಂದು ಕೆಂಪು ಅರಿವೆಯ ತುಂಡೂ ಇಲ್ಲ; ಇತ್ತ ಸೈಕಲ್ಲಿಗೂ ಬೆಳಕಿಲ್ಲ. ಹೊರಗೆ ಚಾಚಿದ್ದ ಕಬ್ಬಿನ ಕೊನೆಯು ಹುಡುಗನ ಎಡಗಣ್ಣಿಗೆ ತಗುಲಿತು. ವೈದ್ಯರು ಪ್ರಯತ್ನಿಸಿದರು, ಆ ಕಣ್ಣಿನ ದೃಷ್ಟಿಯು ಮರಳಲಿಲ್ಲ.

ಆಸ್ಪತ್ರೆಗೆ ಬಂದ ಹವಾಲದಾರನು ಕಾಗದವನ್ನು ತೆಗೆದು, “ಸೈಕಲ್ಲಿಗೆ ದೀಪವಿತ್ತೇ?” ಎಂದು ಕೇಳಿದನು. ತಂದೆಯು ನಮ್ಮ ಮುಖವನ್ನು ನೋಡಿದನು. ನಾವು ನೆಲವನ್ನು ನೋಡಿದೆವು. ಹವಾಲದಾರನು ಸ್ವಲ್ಪ ಹೊತ್ತು ಕಾದು, ಏನೋ ಬರೆದುಕೊಂಡು, ಹುಡುಗನ ತಲೆಯ ಮೇಲೆ ಕೈಯಿಟ್ಟು ಹೊರಟುಹೋದನು. ಅವನು ನಮ್ಮನ್ನು ಬೈದಿದ್ದರೆ ಲೇಸಾಗುತ್ತಿತ್ತು.

ಪೇಟೆಯ ಆ ಸಿಪಾಯಿಯು ಮಾಡಿದ್ದು ಸರಿಯೆಂದು ನಾವು ಇಂದಿಗೂ ಒಪ್ಪುವದಿಲ್ಲ. ರೋಗಿಯ ಔಷಧವನ್ನು ಕೈಯಲ್ಲಿ ಹಿಡಿದವರ ಗಾಳಿಯನ್ನು ಬಿಡುವದು ಯಾವ ಕಾಯದೆಯಲ್ಲಿಯೂ ಬರೆದಿಲ್ಲ. ದಂಡ ಹಾಕಬಹುದಾಗಿತ್ತು, ರಸೀದಿ ಕೊಡಬಹುದಾಗಿತ್ತು. ಆದರೆ ಅವನ ಒರಟುತನದ ಮೇಲಿನ ಸಿಟ್ಟನ್ನು ನಾವು ದೀಪದ ಮೇಲೆ ತೀರಿಸಿಕೊಂಡೆವು. ದೀಪವು ಆ ಸಿಪಾಯಿಗಿಂತ ಹಳೆಯದು. ಅದರ ತಪ್ಪೇನೂ ಇರಲಿಲ್ಲ.

ಮುಂದಿನ ವಾರ ನಾವು ಸಹೋದ್ಯೋಗಿಗಳೊಡನೆ ಹಣವನ್ನು ಕೂಡಿಸಿ, ಬೆಳಕು ಬಿದ್ದರೆ ಹೊಳೆಯುವ ಕೆಂಪು ಪಟ್ಟಿಯ ಸುರುಳಿಯನ್ನು ತರಿಸಿ ಶಾಲೆಯ ಸೈಕಲ್ಲುಗಳ ಹಿಂದೆಲ್ಲ ಅಂಟಿಸಿದೆವು. ಪಟ್ಟಿಯು ಉಳಿದುದರಿಂದ, ಕಬ್ಬಿನ ಹಂಗಾಮದಲ್ಲಿ ದಾರಿಯಲ್ಲಿ ನಿಂತ ಟ್ರೇಲರುಗಳಿಗೂ ಅಂಟಿಸಿದೆವು. ಕೆಲವು ಚಾಲಕರು ಗೊಣಗಿದರು; ಒಬ್ಬಿಬ್ಬರು ಚಹಾ ಕುಡಿಸಿದರು. ಆಮೇಲೆ 2019ರಲ್ಲಿ ಮೋಟಾರು ಕಾಯದೆಯನ್ನು ತಿದ್ದಿದಾಗ, ಪಾದಚಾರಿಗಳ ಮತ್ತು ಮೋಟಾರಿಲ್ಲದ ವಾಹನಗಳ ಸಂಚಾರಕ್ಕೆ ನಿಯಮಗಳನ್ನು ಮಾಡುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟರು. ರಾಜ್ಯಗಳು ಅವಸರ ಪಡಲಿಲ್ಲ. 2025ರ ಅಕ್ಟೋಬರದಲ್ಲಿ ಸರ್ವೋಚ್ಚ ನ್ಯಾಯಾಲಯವು ಆರು ತಿಂಗಳೊಳಗೆ ಆ ನಿಯಮಗಳನ್ನು ರಚಿಸಿರೆಂದು ಅವುಗಳಿಗೆ ಆಜ್ಞಾಪಿಸಿತು. ನಿಯಮವನ್ನು ಬರೆಯುವವರು ಕತ್ತಲೆಯಲ್ಲಿ ಒಮ್ಮೆ ಸೈಕಲ್ಲನ್ನು ತುಳಿದು ನೋಡಿ ಬರೆಯಬೇಕೆಂದು ನಮ್ಮ ಬಿನ್ನಹ.

ಆ ಹುಡುಗನು ಈಗ ಗೃಹಸ್ಥನಾಗಿ ಹೊಲವನ್ನು ನೋಡಿಕೊಂಡಿದ್ದಾನೆ. ಅವನ ಟ್ರ್ಯಾಕ್ಟರಿಗೆ ಹಿಂದೆ ಎರಡು ಕೆಂಪು ದೀಪಗಳಿವೆ. ಸಂತೆಯಲ್ಲಿ ಎದುರಾದರೆ ನಿಂತು ನಮಸ್ಕರಿಸುತ್ತಾನೆ. ಎಡಗಡೆಯಿಂದ ಬಂದರೆ ಅವನಿಗೆ ನಾವು ಕಾಣುವದಿಲ್ಲವಾದ್ದರಿಂದ, ಮಾತನಾಡಿಸಬೇಕಾದಾಗ ನಾವು ಸುತ್ತು ಹಾಕಿ ಬಲಗಡೆಗೆ ಹೋಗಿ ನಿಲ್ಲುತ್ತೇವೆ.