ಜೀರೋ ಬಲ್ಬ್ ಸೊನ್ನೆಯಲ್ಲ

ಬೆಂಗಳೂರಿನ ಶಿವಾಜಿನಗರದ ಓಣಿಗಳಲ್ಲಿ, ಹಲಸೂರಿನ ಹಳೇ ಬೀದಿಗಳಲ್ಲಿ ಮನೆಗೆ ಮನೆ ಅಂಟಿಕೊಂಡಿದೆ. ಮೂರು ಕಡೆ ಪಕ್ಕದವರ ಗೋಡೆ ಇದ್ದರೆ ಕಿಟಕಿ ಇಡುವುದೆಲ್ಲಿ? ಮಟಮಟ ಮಧ್ಯಾಹ್ನವೂ ಲೈಟ್ ಹಾಕಲೇಬೇಕು. ಬೆಳಕಿನ ಬಗೆಗಿನ ತಪ್ಪು ನಂಬಿಕೆಗಳು ಹೆಚ್ಚು ಸುಲಿಯುವುದು ಇಂಥ ಮನೆಗಳನ್ನೇ.

‘ಜೀರೋ ಬಲ್ಬ್ ಕರೆಂಟ್ ಎಳೆಯಲ್ಲ’ ಎಂಬ ಮಾತನ್ನು ಮೊದಲು ನೋಡೋಣ. ರಾತ್ರಿ ಮಲಗುವಾಗ ಹಾಕುವ, ದೇವರ ಪಟದ ಮುಂದೆ ಹಗಲಿರುಳು ಉರಿಯುವ ಹಳೇ ಮಾದರಿಯ ಜೀರೋ ಬಲ್ಬ್ ಎಳೆಯುವುದು 12ರಿಂದ 15 ವ್ಯಾಟ್. ಚಕ್ರ ತಿರುಗುವ ಹಳೇ ಮೀಟರುಗಳು ಇಷ್ಟು ಸಣ್ಣ ಬಳಕೆಯನ್ನು ಸರಿಯಾಗಿ ಹಿಡಿಯುತ್ತಿರಲಿಲ್ಲ. ಈಗಿನ ಡಿಜಿಟಲ್ ಮೀಟರ್ ಬಿಡುವುದಿಲ್ಲ. 15 ವ್ಯಾಟ್‌ನ ಬಲ್ಬ್ ತಿಂಗಳಿಡೀ ಉರಿದರೆ 10.8 ಯೂನಿಟ್. ದಿನಕ್ಕೆ 12 ಗಂಟೆ ಇಡೀ ಕೋಣೆಗೆ ಬೆಳಕು ಕೊಡುವ 9 ವ್ಯಾಟ್ ಎಲ್‌ಇಡಿಗೆ ಬೇಕಾಗುವುದು 3.24 ಯೂನಿಟ್ ಮಾತ್ರ! ದೇವರ ದೀಪ ಆರಿಸಬೇಕೆಂದು ನಾನು ಹೇಳುತ್ತಿಲ್ಲ. ಅದೇ ಹೋಲ್ಡರಿಗೆ ಅರ್ಧ ವ್ಯಾಟ್‌ನ ಎಲ್‌ಇಡಿ ಹಾಕಿದರೆ ತಿಂಗಳಿಗೆ 0.36 ಯೂನಿಟ್‌ನಲ್ಲಿ ಮುಗಿಯುತ್ತದೆ.

‘ಗೃಹಜ್ಯೋತಿ ಇದೆಯಲ್ಲ, ಯಾಕೆ ಈ ಲೆಕ್ಕ’ ಎನ್ನುವವರಿದ್ದಾರೆ. 2023ರಲ್ಲಿ ಬಂದ ಆ ಉಚಿತ ವಿದ್ಯುತ್ ಯೋಜನೆಯಲ್ಲಿ ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಕೆ.ಆರ್. ಪುರದ ಬಾಡಿಗೆ ಮನೆಯಲ್ಲಿ ಫ್ರಿಜ್, ಗೀಸರ್ ಸೇರಿ 195ರ ಹತ್ತಿರ ನಿಂತವರಿಗೆ ಜೀರೋ ಬಲ್ಬಿನ ಆ ಹತ್ತು ಯೂನಿಟ್ ಸಣ್ಣದಲ್ಲ.

‘ವ್ಯಾಟ್ ಹೆಚ್ಚಿದಷ್ಟೂ ಬೆಳಕು ಹೆಚ್ಚು’ ಎಂಬುದು ಹಳೇ ಬಲ್ಬುಗಳ ಕಾಲದ ಅಳತೆ. ವ್ಯಾಟ್ ಎಂದರೆ ಬಲ್ಬ್ ಎಳೆಯುವ ಕರೆಂಟು. ಕೊಡುವ ಬೆಳಕಿನ ಲೆಕ್ಕ ಲ್ಯೂಮೆನ್. 60 ವ್ಯಾಟ್‌ನ ಹಳೇ ಬಲ್ಬ್ ಕೊಡುತ್ತಿದ್ದುದು ಸುಮಾರು 700 ಲ್ಯೂಮೆನ್. 2015ರ ಕೊನೆಗೆ ಶುರುವಾದ ‘ಹೊಸ ಬೆಳಕು’ ಯೋಜನೆಯಲ್ಲಿ ನೂರು ರೂಪಾಯಿಗೆ ಹಂಚಿದ 9 ವ್ಯಾಟ್ ಎಲ್‌ಇಡಿಯೇ ಅದಕ್ಕಿಂತ ಮುಂದು. ಅಂಗಡಿಯಲ್ಲಿ ಡಬ್ಬಿ ತಿರುಗಿಸಿ ಲ್ಯೂಮೆನ್ ಓದಿ. ಒಂದೇ ವ್ಯಾಟ್‌ನ ಎರಡು ಬಲ್ಬುಗಳಲ್ಲಿ ಅದು ಬೇರೆ ಬೇರೆ ಇರುವುದುಂಟು.

ಬಿಳಿ ಬೆಳಕೇ ಪ್ರಖರ, ಹಳದಿ ಮಂದ ಎಂಬುದೂ ನಿಜವಲ್ಲ. ಲ್ಯೂಮೆನ್ ಒಂದೇ ಇದ್ದರೆ ಬೆಳಕೂ ಒಂದೇ. ಮಲಗುವ ಮುಂಚಿನ ಹೊತ್ತಿಗೆ ಹಳದಿಯೇ ವಾಸಿ.

ನನಗೆ ಹೆಚ್ಚು ಬೇಸರವಾಗುವುದು ‘ಕತ್ತಲೆಯೇ? ಇನ್ನೊಂದು ಟ್ಯೂಬ್ ಹಾಕಿಸಿ’ ಎಂಬ ಸಲಹೆ ಕೇಳಿದಾಗ. ಬಲ್ಬಿನಿಂದ ದೂರ ಎರಡರಷ್ಟಾದರೆ ನೇರವಾಗಿ ಬೀಳುವ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಹೊಲಿಗೆ ಯಂತ್ರದವರಿಗೆ ಬೇಕಾದದ್ದು ಸೂಜಿಯ ಪಕ್ಕ ಮೂರು ವ್ಯಾಟ್‌ನ ಒಂದು ಪುಟ್ಟ ಲೈಟ್, ಸೂರಿನಲ್ಲಿ ಎರಡನೇ ಟ್ಯೂಬ್ ಅಲ್ಲ. ಓದುವ ಮಗುವಿಗೂ ಅಷ್ಟೇ: ಬಲಗೈಯಲ್ಲಿ ಬರೆಯುವ ಮಗುವಾದರೆ ಲೈಟ್ ಎಡಗಡೆ ಇರಲಿ, ಕೈಯ ನೆರಳು ಅಕ್ಷರದ ಮೇಲೆ ಬೀಳುವುದಿಲ್ಲ. ಗೋಡೆಯನ್ನೂ ನೋಡಿ. ಸುಣ್ಣ ಬಳಿದ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಕೋಣೆಗೇ ಮರಳಿಸುತ್ತದೆ, ಗಾಢ ಬಣ್ಣದ್ದು ನುಂಗಿಬಿಡುತ್ತದೆ. ಮೇಲೆ ಶೀಟು ಹೊದಿಸಿದ ಮನೆಯಾದರೆ ಒಂದು ಶೀಟು ತೆಗೆದು ಬೆಳಕು ಹಾಯುವ ಫೈಬರ್ ಶೀಟು ಹಾಕಿಸಿ. ಹಗಲಿನ ಬಿಲ್ಲೇ ಇಲ್ಲ.

ಎಲ್‌ಇಡಿ ಕೆಡುವುದೇ ಇಲ್ಲ ಎಂದು ನಂಬಬೇಡಿ. ಗಾಳಿಯಾಡದ ಗಾಜಿನ ಗುಂಡಿನೊಳಗೆ ಇಟ್ಟರೆ ಬಿಸಿಗೆ ಅದರ ಸರ್ಕ್ಯೂಟ್ ಬೇಗ ಸಾಯುತ್ತದೆ. ವಾರಂಟಿ ಇರುವುದನ್ನೇ ಕೊಳ್ಳಿ, ಬಿಲ್ ಜೋಪಾನವಾಗಿಡಿ.